ತಾರೀಖಿಲ್ಲದ ಪೇಪರ್ ಮುಟ್ಟದ ಮುಕರ್ರಂ ಭಾಯ್

ಮಳವಳ್ಳಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ಎಡಕ್ಕೆ ನಡೆದರೆ ಒಂದು ಬ್ಯಾಟರಿ ಅಂಗಡಿ, ಅದರ ಪಕ್ಕ ಟೈಲರ್, ಟೈಲರ್ ಪಕ್ಕ ನಮ್ಮ ಮುಕರ್ರಂ ಭಾಯ್ ಅವರ ಜೆರಾಕ್ಸ್ ಮತ್ತು ಟೈಪಿಂಗ್ ಸೆಂಟರ್. ಒಳಗೆ ಒಂದು ಕಂಪ್ಯೂಟರ್, ಎರಡು ಪ್ರಿಂಟರ್. ಅದರಲ್ಲಿ ಒಂದು ಕೆಲಸ ಮಾಡುತ್ತೆ, ಇನ್ನೊಂದರ ಮೇಲೆ ಭಾಯ್ ಟೀ ಲೋಟ ಇಡ್ತಾರೆ. ಈ ಒಂದೇ ಅಂಗಡಿಯಲ್ಲಿ ಥೀಸಿಸ್ ಟೈಪ್ ಮಾಡಿಸಿಕೊಂಡು ಇದುವರೆಗೆ ಹನ್ನೊಂದು ಜನ ಡಾಕ್ಟರೇಟ್ ಮಾಡಿದ್ದಾರೆ. ಭಾಯ್ ಮಾತ್ರ ಪಿಯುಸಿ ಇಂಗ್ಲಿಷಿನಲ್ಲಿ ಎರಡು ಸಲ ಫೇಲಾಗಿ, ಮೂರನೇ ಸಲ ಪರೀಕ್ಷೆಗೆ ಹೋಗುವ ಬದಲು ಫೋಟೋಗೆ ಕಟ್ಟು ಹಾಕುವ ಅಂಗಡಿ ತೆಗೆದವರು. ಅದು ಮುಚ್ಚಿದ ಮೇಲೆ ಈ ಅಂಗಡಿ.

ನನ್ನ ಎಂ.ಎ. ಪ್ರಬಂಧವೂ ಅಲ್ಲೇ ಆಗಿದ್ದು. ಅಂದಿನಿಂದ ನಾನು ಭಾಯ್ ಅಭಿಮಾನಿ, ಇದನ್ನು ಮೊದಲೇ ಹೇಳಿಬಿಡುತ್ತೇನೆ.

ಪ್ರಬಂಧವನ್ನು ಯಾರು ಹೇಗೆ ಬರೆದಿದ್ದರೂ ಭಾಯ್ ಸುಮ್ಮನೆ ಟೈಪ್ ಮಾಡುತ್ತಾರೆ. ತಕರಾರು ಶುರುವಾಗೋದು ಕೊನೆಯಲ್ಲಿ, ರೆಫರೆನ್ಸ್ ಪಟ್ಟಿ ಬಂದಾಗ. ಯಾವ ಯಾವ ಪುಸ್ತಕ, ಯಾವ ಪೇಪರ್ ನೋಡಿ ಬರೆದಿದ್ದೀರಿ ಅನ್ನುವ ಪಟ್ಟಿ ಅದು. ಎಲ್ಲರೂ ಅಲ್ಲಿಗೆ ಬರುವ ಹೊತ್ತಿಗೆ ಸುಸ್ತಾಗಿರುತ್ತಾರೆ. ಭಾಯ್ ಅಲ್ಲಿ ಎದ್ದು ಕೂರುತ್ತಾರೆ.

"ರೆಫರೆನ್ಸ್ ಅಂದ್ರೆ ಮನೆ ಅಡ್ರೆಸ್ಸು ಕಣಮ್ಮ. ಓದ್ದೋನು ಸೀದಾ ಓಗಿ ಬಾಗ್ಲು ತಟ್ಬೇಕು. ಜರ್ನಲ್ಲಿಗೆ ಸಂಪುಟ, ಸಂಚಿಕೆ. ತಿಂಗಳ ಪತ್ರಿಕೆಗೆ ತಿಂಗಳು. ದಿನದ ಪೇಪರ್ಗೆ ತಾರೀಖು. ಎಲ್ಲಕ್ಕೂ ಬರ್ದೋರ ಹೆಸ್ರು, ಪುಟ. ಇಷ್ಟಿಲ್ದೆ ನನ್ ಕೀಬೋರ್ಡ್ ಮುಟ್ಟಲ್ಲ."

ಇಷ್ಟೂ ಸಾಲದು, ಪೇಪರನ್ನು ಕಣ್ಣಿಗೆ ತೋರಿಸಬೇಕು. ಒಮ್ಮೆ ಚಲುವರಾಜು ಅನ್ನುವ ಬಿ.ಎಡ್. ಹುಡುಗ ಬರೆದವರ ಹೆಸರಿನ ಜಾಗದಲ್ಲಿ ಗೂಗಲ್ ಅಂತ ಹಾಕಿಕೊಂಡು ಬಂದಿದ್ದ. ಭಾಯ್ ಕನ್ನಡಕ ಏರಿಸಿ, "ಇವ್ರು ಯಾವೂರವರಪ್ಪ, ನಿಮ್ ಕಡೆಯವರಾ?" ಅಂತ ಕೇಳಿದರು. ಅವನು ಆಮೇಲೆ ಮದ್ದೂರಿನಲ್ಲಿ ಪ್ರಿಂಟ್ ತೆಗೆಸಿಕೊಂಡನಂತೆ. ಬೋಂಡ ಸುತ್ತಿ ಕೊಟ್ಟ ಪೇಪರನ್ನೂ ಭಾಯ್ ಬಿಡಿಸಿ ಮೊದಲು ಪುಟದ ನಂಬರ್ ನೋಡುತ್ತಾರೆ, ಆಮೇಲೆ ಬೋಂಡ.

ಇಂಥವರ ಮುಂದೆ ಹೋದ ಆಷಾಢದಲ್ಲಿ ನಯನ ಬಂದು ನಿಂತಳು.

ನಯನಳ ಪಿಎಚ್.ಡಿ. ನೀರುಗಂಟಿಗಳ ಬಗ್ಗೆ. ನಾಲೆ ನೀರನ್ನು ತೂಬು ಎತ್ತಿ, ಇಳಿಸಿ, ಗದ್ದೆ ಗದ್ದೆಗೆ ಹಂಚುವವರು ನೀರುಗಂಟಿಗಳು. ಅದು ಗಂಡಸರ ಕೆಲಸ ಅಂತಲೇ ಎಲ್ಲ ಕಡೆ ಬರೆದಿದೆ. ಆದರೆ ಕೊತ್ತತ್ತಿಯಲ್ಲಿ ಚಿಕ್ಕಬೋರಮ್ಮ ಅನ್ನುವವರು ಗಂಡ ಕಾಲು ಮುರಿದುಕೊಂಡಾಗ ಒಂಬತ್ತು ವರ್ಷ ಆ ಕೆಲಸ ಮಾಡಿದ್ದರು. ಸರ್ಕಾರಿ ಕಾಗದದಲ್ಲೆಲ್ಲ ಗಂಡನ ಹೆಸರೇ. ಅಮ್ಮನ ಹೆಸರು ಅಚ್ಚಾಗಿದ್ದುದು ಒಂದೇ ಕಡೆ, 'ನಾಲೆಬಯಲು' ಅನ್ನುವ ಜಿಲ್ಲಾ ಪತ್ರಿಕೆಯಲ್ಲಿ, ಫೋಟೋ ಸಮೇತ. ಆ ಪತ್ರಿಕೆ ನಿಂತೇ ಏಳು ವರ್ಷವಾಗಿದೆ. ಕಟಿಂಗ್ ಮಾತ್ರ ಅಮ್ಮನ ನಡುಮನೆ ಗೋಡೆಯಲ್ಲಿ, ಗಾಜಿನ ಕಟ್ಟಿನೊಳಗೆ ಇದೆ.

ಮೊಬೈಲಿನಲ್ಲಿ ತೆಗೆದ ಫೋಟೋ ನೋಡಿ ಭಾಯ್ ತಲೆ ಅಲ್ಲಾಡಿಸಿದರು. "ತಾರೀಖಿಲ್ಲ. ಪುಟ ಇಲ್ಲ. ಬರ್ದೋರೂ ಇಲ್ಲ."

"ಭಾಯ್, ನಮ್ಮ ಗೈಡೂ ಅದನ್ನೇ ಹೇಳ್ತಿದಾರೆ. ಶುಕ್ರವಾರ ನಾಲ್ಕು ಗಂಟೆಗೆ ಸಬ್ಮಿಟ್ ಮಾಡ್ಬೇಕು. ಅಷ್ಟ್ರೊಳಗೆ ತಾರೀಖು ಸಿಗ್ಲಿಲ್ಲ ಅಂದ್ರೆ ಚಿಕ್ಕಬೋರಮ್ಮನ ಅಧ್ಯಾಯ ಪೂರ್ತಿ ತೆಗಿ ಅಂದ್ರು. ಬರೀ ಬಾಯಿಮಾತು ಆಗುತ್ತಂತೆ."

ಅವತ್ತು ಮಂಗಳವಾರ.

"ಕಟ್ಟು ಇಲ್ಲಿಗೆ ತರ್ಸು," ಅಂದರು ಭಾಯ್.

ಕಟ್ಟು ಒಂದೇ ಬರಲಿಲ್ಲ. ಬುಧವಾರ ಬೆಳಿಗ್ಗೆ ಅದನ್ನು ಟವೆಲ್ಲಿನಲ್ಲಿ ಸುತ್ತಿ ತೊಡೆ ಮೇಲೆ ಇಟ್ಟುಕೊಂಡು ಚಿಕ್ಕಬೋರಮ್ಮನೇ ಬಸ್ಸಿನಲ್ಲಿ ಬಂದಿಳಿದರು. ಎಪ್ಪತ್ತು ದಾಟಿದ ಜೀವ. ಸೀಟು ಬಿಡದವರನ್ನೆಲ್ಲ ಗದರಿಸಿಕೊಂಡು ಬಂದ ಹಾಗಿತ್ತು ಮುಖ.

"ಯಾವ ವರ್ಸ ಬಂದಿತ್ತು ಅವ್ವ ಇದು?" ಭಾಯ್ ಕೇಳಿದರು.

"ಮಗಳ ಮದ್ವೆ ಆದ್ಮೇಲೆ. ಕರಿ ಹಸ ಸಾಯಕ್ ಮುಂಚೆ."

ನಯನ ಲೆಕ್ಕ ಹಾಕಿದಳು. ಮದುವೆಗೂ ಹಸುವಿಗೂ ನಡುವೆ ಆರು ವರ್ಷ ಇತ್ತು. ಮಂಡ್ಯದ ಗ್ರಂಥಾಲಯದಲ್ಲಿ ಪತ್ರಿಕೆಯ ಹಳೇ ಕಟ್ಟುಗಳಿವೆಯಂತೆ. ಆದರೆ ಆರು ವರ್ಷದ ಪೇಪರನ್ನು ಎರಡು ದಿನದಲ್ಲಿ ಯಾರು ತಿರುವುತ್ತಾರೆ.

ಭಾಯ್ ಕಟಿಂಗ್ ನೋಡುತ್ತಾ ಬಯ್ಯಲು ಶುರುಮಾಡಿದರು. "ನೋಡು, ಮೇಲ್ಗಡೆ ಎಷ್ಟು ನೀಟಾಗಿ ಕತ್ತರ್ಸವ್ನೆ. ಪೇಪರ್ ಹೆಸ್ರು, ತಾರೀಖು, ಬರ್ದೋರು, ಒಂದೂ ಬುಟ್ಟಿಲ್ಲ. ಫ್ರೇಮಿಗೆ ಕೂರ್ಲಿ ಅಂತ. ಯಾವನಮ್ಮ ಇವ್ನು, ಕತ್ರಿ ಇಡ್ಕಂಡ ಬುದ್ಧಿಗೇಡಿ?"

"ಯಾವನೋ ಸಾಬ್ರು ಕಣಪ್ಪ. ನಮ್ಮ ತೌರು ಇಲ್ಲೇ ಮಳವಳ್ಳಿ ತಾವ. ಅಬ್ಬಕ್ ಬಂದಾಗ ಆಕ್ಸಿದ್ದು," ಅಂದರು ಚಿಕ್ಕಬೋರಮ್ಮ.

ಭಾಯ್ ಮೆಲ್ಲಗೆ ಕಟ್ಟನ್ನು ಮಗುಚಿದರು. ಹಿಂದಿನ ರಟ್ಟಿನ ಮೇಲೆ ಮಾಸಿದ ಒಂದು ಹಸಿರು ಚೀಟಿ: ಮುಕರ್ರಂ ಫ್ರೇಮ್ ವರ್ಕ್ಸ್, ಮಳವಳ್ಳಿ.

 

"ನೀನೇನಾ ಅವ್ನು?" ಚಿಕ್ಕಬೋರಮ್ಮ ಹತ್ತಿರ ಬಂದು ಮುಖ ನೋಡಿದರು. "ಆಗ ತಲೇಲಿ ಕೂದ್ಲಿತ್ತು."

ಭಾಯ್ ಸ್ಕ್ರೂಡ್ರೈವರ್ ತೆಗೆದುಕೊಂಡರು. "ಇಂದ್ಗಡೆ ಏನಾರ ಅಚ್ಚಾಗಿರ್ತದೆ. ಬಿಚ್ಚಿ ನೋಡಾಣ."

"ನನ್ ಮಕ ಅರ್ದೋದ್ರೆ ನಿನ್ ಮಕಕ್ಕೇ ಕಟ್ಟು ಆಕುಸ್ಕೊಂಡು ಓಯ್ತೀನಿ, ತಿಳ್ಕೊ."

"ಅರಿಯಲ್ಲ ಅವ್ವ. ನಾನು ನಾಕು ಮೂಲೆಗೆ ಮಾತ್ರ ಗೋಂದು ಆಕ್ತಿದ್ದೆ."

"ಸೋಂಬೇರಿಯಾಗಿದ್ದುದು ಒಳ್ಳೇದೇ ಆಯ್ತು ಬುಡು."

ಬ್ಲೇಡು ಹಾಕಿ ಮೂಲೆ ಬಿಡಿಸಲು ಅರ್ಧ ಗಂಟೆ ಹಿಡಿಯಿತು. ಚಿಕ್ಕಬೋರಮ್ಮ ಉದ್ದಕ್ಕೂ ಭಾಯ್ ಮೊಣಕೈ ಹಿಡಿದುಕೊಂಡೇ ನಿಂತಿದ್ದರು. ಹಿಂದೆ ಟ್ರ್ಯಾಕ್ಟರ್ ಜಾಹೀರಾತಿನ ಅರ್ಧ ಚಕ್ರ, ಒಂದು ತಿಥಿಯ ಆಹ್ವಾನ, ಅದರ ಕೆಳಗೆ ಸಣ್ಣ ಚೌಕ: ಕನ್ನಂಬಾಡಿ ಕಟ್ಟೆ, ಇಂದಿನ ಮಟ್ಟ 97.40 ಅಡಿ. ತಿಥಿಯಲ್ಲಿ ವಾರ ಇತ್ತು, ತಾರೀಖು ಭಾಯ್ ಕತ್ತರಿಗೆ ಹೋಗಿತ್ತು.

ನಯನ ಮೊಬೈಲನ್ನು ಬ್ಯಾಗಿಗೆ ಹಾಕಿದಳು. "ಆಯ್ತು ಭಾಯ್. ಅಧ್ಯಾಯ ತೆಗೀತೀನಿ."

"ಎಷ್ಟು ಅಂದೆ ಮಟ್ಟ?" ಚಿಕ್ಕಬೋರಮ್ಮ ಕೇಳಿದರು.

"ತೊಂಬತ್ತೇಳು ಚಿಲ್ರೆ ಅಜ್ಜಿ."

ನಮ್ಮ ಕಡೆ ಜನಕ್ಕೆ ಮಕ್ಕಳ ಹುಟ್ಟಿದ ದಿನ ಮರೆಯಬಹುದು, ಕಟ್ಟೆ ಮಟ್ಟ ಮರೆಯಲ್ಲ. ಬೆಳಿಗ್ಗೆ ಪೇಪರ್ ಬಂದರೆ ಮೊದಲು ನೋಡೋದು ಆ ಚೌಕ. ಅದರಲ್ಲೂ ಇವರು ನೀರು ಹಂಚಿದವರು.

"ನಾಟಿ ಒತ್ತಲ್ಲಿ ತೊಂಬತ್ತೇಳು ಇದ್ದುದ್ದು ಒಂದೇ ವರ್ಸ," ಅಂದರು ಅಮ್ಮ, ಬೆರಳು ಮಡಿಸುತ್ತಾ. "ನಾಲೆ ಒಡ್ಡು ಕಿತ್ತೋಗಿ ನೀರು ತಡ ಬುಟ್ರು. ಆಗಸ್ಟು ತಿಂಗ್ಳು. ಸ್ವಾತಂತ್ರ್ಯದ ಬಾವುಟ ಆರ್ಸಿ ಆಗಿತ್ತು, ಗೌರಿ ಅಬ್ಬ ಬಂದಿರ್ಲಿಲ್ಲ. ನಮ್ಮ ಅಪ್ಪು ಒಂದ್ನೇ ಕ್ಲಾಸಿಗೆ ಸೇರಿದ್ದ, ಅವ್ನ್ ಬ್ಯಾಗ್ ನಾಲೆಗ್ ಬಿದ್ದಿತ್ತು, ನಾನೇ ತೂಬಿನ ತಾವ ಇಡ್ದೆ."

ನಯನ ಅಪ್ಪುವಿಗೆ ಫೋನ್ ಮಾಡಿದಳು. ಅವನು ಅಮ್ಮನ ಮಗನ ಮಗ, ಈಗ ಬ್ಲಫ್ ಕರೆಂಟು ಕೇಂದ್ರದಲ್ಲಿ ಕೆಲಸಕ್ಕಿದ್ದಾನೆ. ಒಂದನೇ ಕ್ಲಾಸು ಯಾವ ವರ್ಷ ಅಂದಾಗ ತಟ್ಟನೆ ಹೇಳಿದ. ಬ್ಯಾಗಿನ ಕಥೆ ಮಾತ್ರ ಸುಳ್ಳು ಅಂದ, ಬಿದ್ದಿದ್ದು ಚಪ್ಪಲಿಯಂತೆ.

ಆರು ವರ್ಷ ಹೋಗಿ ಎರಡು ವಾರ ಉಳಿಯಿತು.

ಗುರುವಾರ ಬೆಳಿಗ್ಗೆ ಅಂಗಡಿಗೆ ಬೀಗ. ಹಬ್ಬ ಬಿಟ್ಟರೆ ಎಂದೂ ಮುಚ್ಚದ ಅಂಗಡಿ ಅದು. ನಯನ ತಾನೇ ಮಂಡ್ಯಕ್ಕೆ ಹೋಗುತ್ತೇನೆ ಅಂದರೂ ಭಾಯ್ ಕೇಳಲಿಲ್ಲ. "ಕತ್ರಿ ನಂದು, ಉಡ್ಕೋದೂ ನಾನೇ. ನೀನು ಬೇಕಾದ್ರೆ ಜೊತೇಲಿ ಬಾ." ಗ್ರಂಥಾಲಯದಲ್ಲಿ ಮೂಗಿಗೆ ಕರ್ಚೀಫ್ ಕಟ್ಟಿಕೊಂಡು ಆಗಸ್ಟ್ ತಿಂಗಳ ಕಟ್ಟು ಬಿಚ್ಚಿದರು. ಹತ್ತೊಂಬತ್ತನೇ ತಾರೀಖಿನ ಐದನೇ ಪುಟದಲ್ಲಿ, ತೂಬಿನ ಹಿಡಿ ಹಿಡಿದು ಫೋಟೋಗ್ರಾಫರನ್ನೇ ಗದರಿಸುತ್ತಿರುವಂತೆ ಚಿಕ್ಕಬೋರಮ್ಮ ನಿಂತಿದ್ದರು. ಮಗುಚಿದರೆ ಅದೇ ಅರ್ಧ ಚಕ್ರದ ಪೂರ್ತಿ ಟ್ರ್ಯಾಕ್ಟರ್. ಬರೆದವರು ಅಜ್ಮತ್ ಅಂತ ಒಬ್ಬ ವರದಿಗಾರ. ಭಾಯ್ ಆ ಪುಟವನ್ನು ಎರಡು ಸಲ ಓದಿ, ಮೂರನೇ ಸಲ ಬರೀ ಪುಟದ ನಂಬರ್ ಓದಿದರಂತೆ.

ಶುಕ್ರವಾರ ಹನ್ನೊಂದಕ್ಕೆ ಪ್ರಿಂಟ್ ಬಂತು. ಸ್ವಂತ ಕಟ್ಟನ್ನು ವಾಪಸ್ ಒಯ್ಯಲು ಬಂದಿದ್ದ ಚಿಕ್ಕಬೋರಮ್ಮನಿಗೆ ಭಾಯ್ ಆ ಸಾಲನ್ನು ಬೆರಳಿಟ್ಟು ಓದಿದರು. "ಅಜ್ಮತ್. 'ಕೊತ್ತತ್ತಿ ನಾಲೆಗೆ ಚಿಕ್ಕಬೋರಮ್ಮನ ಕಾವಲು'. ನಾಲೆಬಯಲು, ಮಂಡ್ಯ. ಆಗಸ್ಟ್ ಹತ್ತೊಂಬತ್ತು, ಇಸ್ವೀನೂ ಅದೆ. ಪುಟ ಐದು."

"ಅಜ್ಮತ್ ಯಾರ್ಲಾ ಮುಂದ್ಗಡೆ? ನೀರು ಬುಟ್ಟೋಳು ನಾನು."

"ಬರ್ದೋರ ಹೆಸ್ರೇ ಮೊದ್ಲು ಅವ್ವ, ಪದ್ಧತಿ. ನೀವು ತಲೆಬರಹದಲ್ಲಿದೀರ."

"ಒಂದ್ ಗಳಿಗೆ ಬಂದು ಪೋಟ ಇಡ್ದು ಟೀ ಕುಡ್ಕಂಡ್ ಓದೋನು. ಅವ್ನು ಮುಂದೆ, ಒಂಬತ್ ವರ್ಸ ಕೆಸ್ರು ತುಳ್ದೋಳು ಇಂದೆ. ಚೆನ್ನಾಗದೆ ನಿಮ್ ಪದ್ಧತಿ."

ಭಾಯ್ ಇದಕ್ಕೆ ವಾದ ಮಾಡಲಿಲ್ಲ, ನಾನು ನೋಡಿದ ಹಾಗೆ ಇದೇ ಮೊದಲು. ಹೊಸ ಕಟ್ಟು ತಂದು ಕೌಂಟರ್ ಮೇಲೆ ಇಟ್ಟರು. ಹಳೇ ಕಟಿಂಗ್ ನಡುವೆ, ಅದರ ಮೇಲೆ ಪತ್ರಿಕೆಯ ಹೆಸರು, ತಾರೀಖು, ಪುಟ, ಎಲ್ಲ ಜೆರಾಕ್ಸ್ ತೆಗೆದು ಅಂಟಿಸಿದ್ದರು. ಒಂದು ಗೆರೆ ಕೂಡ ಕತ್ತರಿಸಿರಲಿಲ್ಲ.

ಚಿಕ್ಕಬೋರಮ್ಮ ಅದನ್ನು ಅಳತೆ ಮಾಡಿದರು, ಗೇಣು ಇಟ್ಟು. "ನಮ್ಮ ಗೋಡೇಲಿ ಕಿಟಕಿಗೂ ಕ್ಯಾಲೆಂಡರ್ಗೂ ಮಧ್ಯೆ ಇಷ್ಟು ಜಾಗ ಇಲ್ಲ ಕಣಪ್ಪ," ಅಂದರು. "ಒಸಿ ಮೇಲ್ಗಡೆ ಕತ್ತರ್ಸಿ ಕೊಡು."

ನಯನ ಥೀಸಿಸ್ ಎದೆಗೆ ಅವುಚಿಕೊಂಡು ಬಸ್ಸಿಗೆ ಓಡಿದಳು. ಭಾಯ್ ಕತ್ತರಿಯನ್ನು ಡ್ರಾಯರಿಗೆ ಹಾಕಿ, ಬೀಗ ಜಡಿದು, ಕೀಲಿ ಜೇಬಿಗಿಟ್ಟುಕೊಂಡರು.

"ಕ್ಯಾಲೆಂಡರ್ ತಗ್ದಾಕಿ ಅವ್ವ," ಅಂದರು.