ಫೋಟೋ ಸಾಹೇಬರ ಹತ್ತು ಜೇಬಿನ ಜಾಕೀಟು

೧೯೪೦ರ ಆಸುಪಾಸಿನ ಮಾತು. ಆಗ ನಾನು ಹುಮನಾಬಾದಿನ ಪೇಟೆಯಲ್ಲಿ ಹೊಲಿಗೆ ಕೆಲಸ ಮಾಡುತ್ತಿದ್ದೆ. ಆ ಸಾಲಿನಲ್ಲಿ ಮಷೀನಿನ ಮುಂದೆ ಕೂತ ಹೆಂಗಸು ನಾನೊಬ್ಬಳೇ. ಕಲಿತದ್ದು ಎರಡನೇ ಇಯತ್ತೆ. ಇವತ್ತು ಹಿಗ್ಗಿನಲ್ಲಿ ಪೆನ್ನು ಹಿಡಿದಿದ್ದೇನೆ, ಅಕ್ಷರ ಓರೆಯಾದರೆ ನಡೆಸಿಕೊಳ್ಳಿ.

ನನ್ನ ಗಂಡ ಜ್ವರದಲ್ಲಿ ಹೋದ. ಉಳಿದದ್ದು ಅವನ ಮಷೀನು. ಅವನ ಅಣ್ಣ, ಅಂದರೆ ನನ್ನ ಭಾವ, ಎದುರಿಗೇ ದೊಡ್ಡ ಅಂಗಡಿ ಇಟ್ಟಿದ್ದ ದರ್ಜಿ. ಆ ಮಷೀನಿನ ಮೇಲೆ ಅವನ ಕಣ್ಣು. ಹಿರಿಯರ ಮುಂದೆ ಕರಾರು ಹಾಕಿದ: "ಒಬ್ಬ ಗಿರಾಕಿ ಬಟ್ಟಿ ಕೆಡ್ತು ಅಂತ ತಿರುಗಿ ಬಂದ್ರೂ ಸಾಕು, ಮಷೀನು ನನ್ನ ಅಂಗಡಿಗೆ." ಹಿರಿಯರು ತಲೆ ಆಡಿಸಿದರು. ಅದು ಹೋದರೆ ನಾನೂ ನನ್ನ ಮಗನೂ ಅವನ ಅಡುಗೆಮನೆಯಲ್ಲಿ ಭಾಂಡೆ ತಿಕ್ಕಿಕೊಂಡು ಇರಬೇಕಿತ್ತು.

ಒಂದು ದಿನ ಹೈದರಾಬಾದಿನಿಂದ ಒಬ್ಬ ಫೋಟೋ ಸಾಹೇಬರು ಬಂದರು. ಕಲ್ಯಾಣದ ಕೋಟೆಯ ಫೋಟೋ ತೆಗೆಯುವುದು ಅವರ ಕೆಲಸ. ಆಗಿನ ದೊಡ್ಡ ಕ್ಯಾಮೆರಾಕ್ಕೆ ಗಾಜಿನ ಪ್ಲೇಟು ಹಾಕುತ್ತಿದ್ದರು. ಹೊಸ ಪ್ಲೇಟು ಎಡಕ್ಕೆ, ಫೋಟೋ ತೆಗೆದಾದದ್ದು ಬಲಕ್ಕೆ ಇರಬೇಕು, ಕಲೆತರೆ ಕೆಲಸವೆಲ್ಲ ಹಾಳು. ಲೆನ್ಸಿಗೆ ಒಂದು ಜೇಬು, ಒರೆಸುವ ಅರಿವೆಗೆ ಒಂದು, ಹೀಗೆ ತೋಳಿಲ್ಲದ ದಪ್ಪ ಹತ್ತಿಯ ಜಾಕೀಟಿಗೆ ಹತ್ತು ಜೇಬು ಬೇಕೆಂದು ಭಾವನ ಅಂಗಡಿಯಲ್ಲಿ ಕೇಳಿದರು.

"ಹತ್ತು ಜೇಬಾ? ಸೂಜಿ-ದಾರ ಮಾರಾಕ ಹೊಂಟೀರೇನ್ರಿ?" ಎಂದು ಭಾವ ನಕ್ಕ.

ಸಾಹೇಬರ ಮುಖ ಕೆಂಪಾಯಿತು. ಭಾವನ ಮೇಲಿನ ಸಿಟ್ಟಿಗೇ ರಸ್ತೆ ದಾಟಿ ಬಂದು ಬಟ್ಟೆಯನ್ನು ನನ್ನ ಮುಂದೆ ಎಸೆದರು.

ಗಂಡಸರ ಮೈಗೆ ಹೆಂಗಸು ಟೇಪು ಹಚ್ಚುವಂತಿರಲಿಲ್ಲ. ಮನೆಯ ಗಂಡಸು ಅಳೆದು ಕೂಗಬೇಕು, ನಾನು ಬಾಗಿಲ ಮರೆಯಲ್ಲಿ ಬೆನ್ನು ತಿರುಗಿಸಿ ನಿಂತು ಕೇಳಬೇಕು. ಮನೆಯ ಗಂಡಸು ಅಂದರೆ ಭಾವನೇ. ಕೊರಳಿಗೆ ಟೇಪು ಹಾಕಿಕೊಂಡು ನಗುತ್ತಲೇ ಬಂದ. "ಎದಿ ಮೂವತ್ನಾಕು!" ಎಂದು ಕೂಗಿದ. ಹಾಗೇ ಕತ್ತರಿಸಿದೆ, ಹಾಗೇ ಹೊಲಿದೆ.

ಕೊಡುವ ದಿನ ಸಾಹೇಬರು ತೊಟ್ಟರು. ಮುಂದಿನ ಎರಡು ಅಂಚು ಒಂದನ್ನೊಂದು ಮುಟ್ಟಲೇ ಇಲ್ಲ.

"ಇದು ನನಗ ಹೊಲದಿಯೋ, ನನ್ನ ಕ್ಯಾಮೆರಾದ ಕಾಲಿಗೆ ಹೊಲದಿಯೋ?" ಸಾಹೇಬರ ಕೂಗಿಗೆ ಪೇಟೆಯೆಲ್ಲ ನೆರೆಯಿತು. "ಕಲ್ಯಾಣದ ಮೋಟಾರು ಹೊಂಟು ನಿಂತದ!"

ಭಾವ ಆಗಲೇ ಹಮಾಲನನ್ನು ಕರೆದುಕೊಂಡು ಬಂದಿದ್ದ. "ಕುಬಸಾ ಹೊಲಿಯೋ ಕೈ ರೀ ಅದು. ಎತ್ತೋ ಮಷೀನು."

"ಮುಟ್ಟಿದ್ರ ಕೈಯಾಗ ಕತ್ತರಿ ಅದ, ಭಾವಾ," ಎಂದೆ. ಹಮಾಲ ಹಿಂದೆ ಸರಿದ.

ಕುಬಸ, ಅಂದರೆ ರವಿಕೆ, ಹೊಲಿಯುವ ಕೈ ಎಂದನಲ್ಲ, ಆ ಮಾತೇ ತಲೆಯಲ್ಲಿ ಕೂತಿತು. ಬಾಣಂತಿಯರ ಕುಬಸ ಬಿಗಿಯಾದರೆ ನಾನು ಪಕ್ಕ ಬಿಚ್ಚಿ ಕಸೆ ಇಡುತ್ತಿದ್ದೆ. ಕಸೆ ಅಂದರೆ ಕಟ್ಟುವ ಬಟ್ಟೆಯ ದಾರ. ಜಾಕೀಟು ಕಸಿದುಕೊಂಡು ಕಂಕುಳಿಂದ ಸೊಂಟದವರೆಗೆ ಎರಡೂ ಪಕ್ಕ ಸೀಳಿದೆ. ಉಳಿದ ಚಿಂದಿಯಲ್ಲಿ ಕಸೆ ಮಾಡಿ ಸಾಲಾಗಿ ಹೊಲಿದೆ. ಮೋಟಾರು ಹಾರ್ನ್ ಹೊಡೆಯುತ್ತಲೇ ಇತ್ತು.

"ಸಾಹೇಬ್ರು ಕುಬಸಾ ತೊಟ್ರೋ!" ಎಂದು ಯಾರೋ ಕೂಗಿದರು. ಸಾಹೇಬರು ಹಲ್ಲು ಕಚ್ಚಿ ಕಸೆ ಕಟ್ಟಿಕೊಂಡರು. ಮುಂಭಾಗ ಕೂಡಿತು.

"ಕ್ವಾಟಿ ಮ್ಯಾಲ ಇದು ಹರಿದು ಪ್ಲೇಟು ಒಡೀಲಿ, ತಿರುಗಿ ಬಂದು ನಿನ್ನ ಮಷೀನು ಬಾವ್ಯಾಗ ಒಗೀತೀನಿ," ಎಂದು ಮೋಟಾರು ಹತ್ತಿದರು.

"ಬರ್ಲಿ ಅಂವಾ," ಎಂದ ಭಾವ. ಅವರು ತಿರುಗಿ ಬರುವತನಕ ದಿನಾ ಎದುರಿಗೆ ಕೂತು ನನ್ನ ಮಷೀನನ್ನೇ ನೋಡಿದ. ನಾನೂ ಅವನನ್ನೇ ನೋಡಿದೆ.

ಸಾಹೇಬರು ಮೈತುಂಬ ಧೂಳಾಗಿ ಇಳಿದರು. ನಾನು ಮಷೀನಿಗೆ ಅಡ್ಡ ನಿಂತೆ. ಅವರ ಮುಖ ಇನ್ನೂ ಗಂಟೇ, ಆದರೆ ನನ್ನ ಮುಂದೆ ಮತ್ತೊಂದು ತುಂಡು ಬಟ್ಟೆ ಎಸೆದರು.

"ಇನ್ನೊಂದು ಹೊಲಿ. ಜೇಬು ತುಂಬಿದಾಗ ಸಡಲ ಮಾಡ್ಕೋಬಹುದು, ಗಾಳಿನೂ ಆಡ್ತದ. ಕಸಿ ಇರ್ಲಿ. ಆದರ ಈ ಸಲ ಉಸಿರಾಡಾಕ ಬಿಡು."

ಭಾವ ಟೇಪು ಹಿಡಿದು ಓಡಿ ಬಂದ. ನಾನು ಬಾಗಿಲ ಮರೆಗೆ ಹೋಗಲಿಲ್ಲ. ಕೈ ಚಾಚಿದೆ.

"ಟೇಪು ಇಲ್ಲಿ ಕೊಡ್ರಿ."

"ನಾಚಿಗಿ ಬಿಟ್ಯೇನು? ಗಂಡಸರ ಮೈಗೆ ಟೇಪು ಹಚ್ತೀ?"

ಅವನ ಕೈಯಿಂದ ಎಳೆದುಕೊಂಡು ಸಾಹೇಬರ ಎದೆಗೆ ಸುತ್ತಿದೆ. ಪೇಟೆಗೆಲ್ಲ ಕೇಳುವಂತೆ ಅವನ ಹಾಗೆಯೇ ಕೂಗಿದೆ: "ಎದಿ ನಲವತ್ತು!"

ಸಾಹೇಬರು ಭಾವನ ಕಡೆ ತಿರುಗಿದರು. "ಯಾಕೋ, ಅವತ್ತು ನನ್ನ ಎದಿ ಅಳದಿಯೋ, ನಿಂದು ಅಳಕೊಂಡಿಯೋ?"

ಪೇಟೆ ನಕ್ಕಿತು. ಭಾವ ಸಾಯುವತನಕ ನನ್ನ ಹೊಸ್ತಿಲು ತುಳಿಯಲಿಲ್ಲ. ನನಗೂ ಅವನು ಬರುವುದು ಬೇಕಿರಲಿಲ್ಲ.

ನಿನ್ನೆ ನನ್ನ ಮೊಮ್ಮಗಳು ಅದೇ ಮಷೀನಿಟ್ಟು ಅಂಗಡಿ ತೆರೆದಳು. ಅಯ್ಯೋ, ಏನು ಹೇಳಲಿ ನನ್ನ ಹಿಗ್ಗು! ಮೊದಲ ಗಿರಾಕಿ ಘಾಟಬೋರಾಳದ ಒಬ್ಬ ಪೈಲ್ವಾನ. ಹುಡುಗಿ ಸ್ಟೂಲು ಹತ್ತಿ ಅವನ ಎದೆಗೆ ಟೇಪು ಸುತ್ತಿ, "ಅಲುಗಾಡಬ್ಯಾಡ್ರಿ ಕಾಕಾ," ಎಂದು ಗದರಿದಳು. ಅವನು ಕುರಿಯಂತೆ ನಿಂತ.

ಹೊಲಿಗೆ ನನಗೆ ಕಲಿಸಿದ್ದು ಇಷ್ಟೇ: ಕತ್ತರಿ ಯಾರ ಕೈಯಲ್ಲಿದೆಯೋ ಟೇಪೂ ಅವರ ಕೈಯಲ್ಲೇ ಇರಬೇಕು. ನಾನು ಹೇಳಿಕೊಡುವ ಮೊದಲೇ ಹುಡುಗಿ ಟೇಪು ಹಿಡಿದಿದ್ದಳು.