ಹಸುವಿನ ಬಾಯಿಗೆ ಕೈ ಹಾಕಿದವರು

ನನ್ನ ಗಂಡ ಅಪ್ಪಯ್ಯಣ್ಣನವರಿಗೆ ಅಭಿಪ್ರಾಯ ಇಲ್ಲದ ವಿಷಯ ಭೂಮಿಯ ಮೇಲೆ ಯಾವುದೂ ಇರಲಿಲ್ಲ. ಬೆಳಿಗ್ಗೆ ಡೈರಿಗೆ ಹಾಲು ಹಾಕಲು ಹೋದರೆ ಕ್ಯಾನು ಖಾಲಿಯಾಗುತ್ತಿತ್ತೇ ಹೊರತು ಇವರ ಬಾಯಿ ಖಾಲಿಯಾಗುತ್ತಿರಲಿಲ್ಲ. ಊರಿನ ಅರ್ಧ ಗಂಡಸರು ಅಲ್ಲೇ ಕಲ್ಲುಚಪ್ಪಡಿಯ ಮೇಲೆ ಕೂತು ಕೇಳುವವರು. ಕೇಳುವವರಿದ್ದರೆ ಹೇಳುವವರಿಗೇನು ಬರ?

"ಹೆಲ್ಮೆಟ್ ಹಾಕ್ಕಂಡ್ರೆ ಹಿಂದಿನ ಲಾರಿ ಹಾರನ್ನೇ ಕೇಳ್ಸಲ್ಲ ಕಣೋ. ಕಿವಿ ಮುಚ್ಕಂಡು ಹೈವೇಲಿ ಹೋಗೋದು ಸೇಫಾ? ನೀನೇ ಹೇಳು." ಹೀಗಾಗಿ ನಮ್ಮ ಹೆಲ್ಮೆಟ್ಟು ಹೊಸಕೋಟೆ ಪೊಲೀಸರು ನಿಲ್ಲುವ ಜಾಗದ ತನಕ ಬೈಕಿನ ಕನ್ನಡಿಗೆ ನೇತಾಡಿಕೊಂಡೇ ಬರುತ್ತಿತ್ತು. "ಬಿಪಿ ಮಾತ್ರೆ ಒಂದ್ಸಲ ಶುರು ಮಾಡಿದ್ರೆ ಬಿಡೋಕಾಗಲ್ಲ, ಅದ್ಕೆ ಶುರುನೇ ಮಾಡ್ಬಾರ್ದು." ನಾನು ಮಾತ್ರೆ ನುಂಗುವುದು ಇವರ ಅಪ್ಪಣೆ ಕೇಳಿಕೊಂಡಲ್ಲ, ಆ ಮಾತು ಬೇರೆ. "ಬಿಸ್ಕತ್ತು ತಿನ್ನೋ ನಾಯಿ ಕಳ್ಳನ್ನ ಕಂಡ್ರೂ ಬಾಲ ಅಲ್ಲಾಡಿಸ್ತದೆ, ಮುದ್ದೆ ಹಾಕ್ರಿ." ಇದೊಂದು ಮಾತ್ರ ನಿಜ ಇರಬಹುದು ಎಂದು ನನಗೂ ಅನಿಸಿದ್ದುಂಟು.

ಬರೀ ಬಾಯಿಯಷ್ಟೇ ಆಗಿದ್ದರೆ ಜನ ನಕ್ಕು ಎದ್ದು ಹೋಗುತ್ತಿದ್ದರು. ಆದರೆ ಇವರ ಕೈಗೂ ಒಂದು ಹೆಸರಿತ್ತು. ನಮ್ಮ ಸೂಲಿಬೆಲೆ ಕಡೆ ತರಕಾರಿ ಬೆಳೆಯದ ಮನೆಯಿಲ್ಲ. ಮಂಡಿಯಲ್ಲಿ ಯಾರೂ ಮುಟ್ಟದೆ ಉಳಿದ ನವಿಲುಕೋಸು, ಬೀಟ್‌ರೂಟ್ ಎಲ್ಲ ದನದ ಮುಂದೆ ಬೀಳುತ್ತದೆ. ಆಸೆಬುರುಕ ಹಸುಗಳು ಗಡ್ಡೆಯನ್ನು ಇಡಿಯಾಗಿ ನುಂಗಲು ಹೋಗಿ ಗಂಟಲಿಗೆ ಸಿಕ್ಕಿಸಿಕೊಳ್ಳುತ್ತವೆ. ಕತ್ತು ಚಾಚಿ ಜೊಲ್ಲು ಸುರಿಸುತ್ತಾ ನಿಂತ ಹಸುವನ್ನು ಹಾಗೇ ಬಿಟ್ಟರೆ ಹೊಟ್ಟೆ ಉಬ್ಬರಿಸಿ ಸತ್ತೇ ಹೋಗುತ್ತದೆ. ಡಾಕ್ಟರು ಬರುವ ತನಕ ಕಾಯುವವರು ಯಾರು? "ಅಪ್ಪಯ್ಯಣ್ಣನ್ನ ಕರೀರಿ" ಎನ್ನುತ್ತಿದ್ದರು. ಒಬ್ಬರು ನಾಲಿಗೆಯನ್ನು ಪಕ್ಕಕ್ಕೆಳೆದು ಹಿಡಿದರೆ ಇವರು ಮೊಣಕೈ ತನಕ ಕೈ ತೂರಿಸಿ ಗಡ್ಡೆಯನ್ನು ಈಚೆಗೆ ತೆಗೆಯುತ್ತಿದ್ದರು. ನಾನೇ ಎಷ್ಟೋ ಸಲ ನೋಡಿದ್ದೇನೆ. ಹೆಮ್ಮೆಯನ್ನೂ ಪಟ್ಟಿದ್ದೇನೆ, ಸುಳ್ಳು ಯಾಕೆ ಹೇಳಲಿ.

ಹೋದ ಬೇಸಿಗೆಯಲ್ಲಿ ಪಕ್ಕದ ಮನೆಯ ಕೆಂಪರಾಜನ ಹಸು ಹಾಗೇ ಜೊಲ್ಲು ಸುರಿಸುತ್ತಾ ನಿಂತಿತು. ಕೆಂಪರಾಜ ಇವರಿಗಿಂತ ತುಂಬಾ ಚಿಕ್ಕವನು. ಒಡಹುಟ್ಟಿದವನಲ್ಲ, ಆದರೂ ಅಣ್ಣಾ ಅಣ್ಣಾ ಎಂದು ಇವರ ಬೆನ್ನಿಗೇ ಇರುವವನು. ಟೊಮೇಟೊಗೆ ಯಾವ ಔಷಧಿ ಹೊಡೆಯಬೇಕು, ಮಗಳಿಗೆ ಕೆಮ್ಮಿದ್ದರೆ ಮೊಸರು ಕೊಡಬಹುದೋ ಬಾರದೋ, ಎಲ್ಲಕ್ಕೂ ಅಣ್ಣನ ಮಾತೇ ಆಗಬೇಕು. ಅವನ ಹೆಂಡತಿ ಬಿಂದುಶ್ರೀ ಕೂಗಿದಳು, ಇವರು ಓಡಿದರು, ಹಿಂದೆ ನಾನೂ ಓಡಿದೆ.

ಇವರು ಕೈ ಹಾಕಿ ತಡಕಿದರು. ಏನೂ ಸಿಗಲಿಲ್ಲ. "ತಡಿಯಣ್ಣ, ನನ್ ಕೈ ಸಣ್ಣದು" ಎಂದು ಕೆಂಪರಾಜನೂ ಹಾಕಿದ. ಅವನಿಗೂ ಸಿಗಲಿಲ್ಲ. ಹಸು ತಲೆ ಕೊಡವಿದಾಗ ದವಡೆ ಹಲ್ಲು ತಾಗಿ ಇಬ್ಬರ ಕೈಯೂ ತರಚಿತು. ಅರಿಶಿನ ಮೆತ್ತಿಕೊಂಡು ಸುಮ್ಮನಾದರು. ಸಂಜೆಗೆ ಹಸುವಿನ ದನಿ ಒಡೆಯಿತು. ಕಂಬಕ್ಕೆ ಹಾಯತೊಡಗಿತು, ಕಟ್ಟಿದ ಹಗ್ಗವನ್ನೇ ಕಚ್ಚತೊಡಗಿತು. ಮಾರನೇ ದಿನ ಸತ್ತಿತು.

ದನದ ಡಾಕ್ಟರ್ ಜಯಕುಮಾರ್ ಬಂದವರು ಕೊಟ್ಟಿಗೆಯ ಬಾಗಿಲಲ್ಲೇ ನಿಂತುಬಿಟ್ಟರು. ನಾಯಿ ಏನಾದರೂ ಕಚ್ಚಿತ್ತೇ ಎಂದು ಕೇಳಿದರು. ಹೌದು, ಕಚ್ಚಿತ್ತು. ಹೈವೇ ಪಕ್ಕ ಕೋಳಿ ತ್ಯಾಜ್ಯ ಸುರಿಯುವ ಕಡೆಯಿಂದ ಬಂದ ಒಂದು ನಾಯಿ ಹಸುವಿನ ಮೂತಿಗೆ ಬಾಯಿ ಹಾಕಿತ್ತು. ಸುಣ್ಣ, ಖಾರದಪುಡಿ ಹಚ್ಚಿ ಎಲ್ಲರೂ ಮರೆತಿದ್ದರು.

"ಗಂಟಲಲ್ಲಿ ಏನೂ ಇರ್ಲಿಲ್ಲ ಕಣ್ರೀ. ಹುಚ್ಚು ಹಿಡಿದ್ರೆ ನುಂಗೋಕಾಗಲ್ಲ, ಅದಕ್ಕೇ ಜೊಲ್ಲು" ಎಂದರು ಡಾಕ್ಟರು. "ಬಾಯಿಗೆ ಕೈ ಹಾಕಿದೋರು ಇವತ್ತೇ ಹೋಗಿ ಇಂಜೆಕ್ಷನ್ ಹಾಕಿಸ್ಕೊಳ್ಳಿ. ಕಾಯಿಲೆ ಶುರುವಾದ್ಮೇಲೆ ಅದಕ್ಕೆ ಔಷಧಿ ಇಲ್ಲ."

ಅವರ ಜೀಪು ತಿರುಗಿತೋ ಇಲ್ಲವೋ, ಕೆಂಪರಾಜ ಇವರ ಮುಖ ನೋಡಿದ. "ಏನಣ್ಣಾ ಮಾಡೋದು?"

"ಲೇ, ಹಸು ನಿಂಗೆ ಕಚ್ಚಿತೇನ್ಲಾ? ಹಲ್ಲು ತರಚಿದ್ದಷ್ಟೆ. ಅದು ನಾಯಿ ಇಂಜೆಕ್ಷನ್ನು. ಹೆಸರಲ್ಲೇ ಐತೆ, ನಾಯಿ ಕಚ್ಚಿದ್ರೆ ಹಾಕಿಸ್ಕೊಳ್ಳೋದು. ಹುಲ್ಲು ತಿನ್ನೋ ಪ್ರಾಣಿ ಬಾಯಲ್ಲಿ ಎಲ್ಲಾದ್ರೂ ವಿಷ ಇರ್ತದಾ? ಎಷ್ಟು ಹಸು ಬಾಯಿಗೆ ಕೈ ಹಾಕಿಲ್ಲ ನಾನು, ನಂಗೇನಾಗಿದೆ?"

ಸುತ್ತ ನಿಂತವರು ನಕ್ಕರು. ಕೆಂಪರಾಜನ ಮುಖ ಸಡಿಲವಾಯಿತು. ನನಗೆ ಮಾತ್ರ ನಗು ಬರಲಿಲ್ಲ.

ಮನೆಗೆ ಬಂದ ಮೇಲೆ ನಾನು ಬಿಡಲಿಲ್ಲ. ಗ್ಯಾಸ್ ಹಚ್ಚಲಿಲ್ಲ. "ನೀವು ಹೋಗೋ ತನಕ ಈ ಮನೇಲಿ ಮುದ್ದೆ ಬೇಯಲ್ಲ" ಎಂದು ಒಲೆಯ ಮುಂದೆ ಕಾಲು ಚಾಚಿ ಕೂತುಬಿಟ್ಟೆ. ಬೈದರು, ಕೂಗಾಡಿದರು, ಆಮೇಲೆ ದನಿ ಇಳಿಸಿದರು. ಹೋಗುತ್ತಾರಂತೆ, ಆದರೆ ಹೊಸಕೋಟೆಗಲ್ಲ, ಅಲ್ಲಿ ಗುರುತಿನವರು ಸಿಗುತ್ತಾರಂತೆ. ಇಲ್ಲೇ ಹತ್ತಿರದ ವಿಜಯಪುರದಲ್ಲಿ ಇವರ ಅಕ್ಕನ ಮನೆಯಿದೆ, ಅಲ್ಲಿ ಹಾಕಿಸಿಕೊಳ್ಳುತ್ತಾರಂತೆ. ಡೈರಿಯಲ್ಲಿ ಕೇಳಿದವರಿಗೆ ಮಂಡಿನೋವಿಗೆ ಎಣ್ಣೆ ತಿಕ್ಕಿಸಿಕೊಳ್ಳಲು ಹೋಗುತ್ತಿದ್ದೇನೆ ಎನ್ನುತ್ತಾರಂತೆ.

"ಬಾಯಿ ಬಿಟ್ಟೀಯ ಎಲ್ಲಾದ್ರೂ! ಅಪ್ಪಯ್ಯಣ್ಣ ನಾಯಿ ಇಂಜೆಕ್ಷನ್ ಹಾಕಿಸ್ಕಂಡ ಅಂದ್ರೆ ನಾಳೆಯಿಂದ ಡೈರೀಲಿ ಬೊಗಳು ಅಂತಾರೆ ನನ್ನ."

"ಬೊಗಳಿದ್ರೆ ಬೊಗಳಿ, ಬದುಕಿರ್ತೀರಲ್ಲ. ಕೆಂಪರಾಜನ್ನೂ ಕರ್ಕೊಂಡು ಹೋಗಿ."

"ಅವನಿಗೆ ಹೇಳಿದೀನಿ ಕಣೇ. ಅವನು ಹೊಸಕೋಟೇಲೇ ಹಾಕಿಸ್ಕೋತಾವ್ನೆ."

ಆದರೂ ನನಗೆ ಸಮಾಧಾನವಾಗಲಿಲ್ಲ. ಬಟ್ಟೆ ಒಣಹಾಕುವಾಗ ಕಾಂಪೌಂಡಿನ ಮೇಲಿಂದ ಬಿಂದುವನ್ನೇ ಕೇಳಿದೆ, "ನಿಮ್ಮೋರಿಗೆ ಇಂಜೆಕ್ಷನ್ ಆಯ್ತೇನೇ?" "ಹ್ಞೂಂ ಕಣಕ್ಕ, ಆಯ್ತು" ಎಂದಳು. ಸದ್ಯ, ದೇವರು ದೊಡ್ಡವನು ಎಂದುಕೊಂಡು ಬಕೆಟ್ಟು ಎತ್ತಿಕೊಂಡು ಒಳಗೆ ಬಂದೆ.

ಆಸ್ಪತ್ರೆಯವರು ಹೇಳಿದ ದಿನಗಳಿಗೆಲ್ಲ ಇವರು ಒಬ್ಬರೇ ಬೈಕಿನಲ್ಲಿ ವಿಜಯಪುರಕ್ಕೆ ಹೋಗಿಬಂದರು. ಐದೂ ಚುಚ್ಚುಮದ್ದು ಆಯಿತು. ಬಂದು ಡೈರಿಯಲ್ಲಿ ಅಕ್ಕನ ಮನೆಯ ಎಣ್ಣೆಯನ್ನು ಹೊಗಳುತ್ತಿದ್ದರು. ಮಂಡಿ ನೋಯುವ ಇನ್ನಿಬ್ಬರು ಆ ಎಣ್ಣೆ ತಂದುಕೊಡಿ ಎಂದು ದುಂಬಾಲು ಬಿದ್ದಾಗ ನನಗೆ ನಗು ತಡೆಯಲಾಗಲಿಲ್ಲ.

ಮಳೆ ಹಿಡಿದ ಮೇಲೆ ಕೆಂಪರಾಜನ ಬಲಗೈಯಲ್ಲಿ ಇರುವೆ ಹರಿದ ಹಾಗಾಗಲು ಶುರುವಾಯಿತು. ಬೈಕಿನ ಹ್ಯಾಂಡಲ್ ಹಿಡಿದು ಹಿಡಿದು ನರ ಸೋತಿದೆ ಎಂದು ಇವರು ಹೇಳಿದರಂತೆ. ಆಮೇಲೆ ಜ್ವರ ಬಂತು. ಒಂದು ಬೆಳಿಗ್ಗೆ ಕಾಫಿ ಲೋಟ ಬಾಯಿಗಿಟ್ಟವನು ಕಿರುಚಿ ಲೋಟವನ್ನು ಎಸೆದ. ನೀರು ಕೊಟ್ಟರೆ ಗಂಟಲು ಹಿಡಿದುಕೊಂಡು ಒದ್ದಾಡಿದ. ಫ್ಯಾನಿನ ಗಾಳಿ ತಾಗಿದರೂ ಬೆಚ್ಚಿಬೀಳುತ್ತಿದ್ದ. ಇವರ ಮುಖ ನೋಡಿದೆ. ಸುಣ್ಣದ ಹಾಗೆ ಬಿಳಿಚಿಕೊಂಡಿತ್ತು.

ಹೊಸಕೋಟೆಯಲ್ಲಿ ನೋಡಿದವರು ಒಂದು ಗಳಿಗೆಯೂ ಇಟ್ಟುಕೊಳ್ಳದೆ ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಕಳಿಸಿದರು. ಅಲ್ಲಿ ಅವನನ್ನು ಬೇರೆಯಾಗಿ, ಬೆಳಕು ಬಾರದ ಒಂದು ಕೋಣೆಯಲ್ಲಿ ಮಲಗಿಸಿದರು. ಡಾಕ್ಟರಮ್ಮ ಈಚೆಗೆ ಬಂದು ಬಿಂದುವನ್ನು ಕೇಳಿದರು, "ಇಂಜೆಕ್ಷನ್ ಹಾಕಿಸಿರ್ಲಿಲ್ವೇನಮ್ಮಾ?"

"ಹಾಕಿಸಿದ್ವಿ ಮೇಡಂ. ಅವತ್ತೇ ಹಾಕಿಸಿದ್ವಿ. ಟಿಟಿ."

ಡಾಕ್ಟರಮ್ಮ ಕಣ್ಣು ಮುಚ್ಚಿ ತೆರೆದರು. ಟಿಟಿ ಎಂದರೆ ಮೊಳೆ ಚುಚ್ಚಿದರೆ, ತಂತಿ ಗೀರಿದರೆ ಕೊಡುವ ಇಂಜೆಕ್ಷನ್ನು. ಈ ಕಾಯಿಲೆಗೂ ಅದಕ್ಕೂ ಸಂಬಂಧವೇ ಇಲ್ಲ. ಅದನ್ನು ಅವರು ಮೆಲ್ಲಗೆ, ಮಗುವಿಗೆ ಹೇಳಿದ ಹಾಗೆ ಹೇಳಿದರು. ಇನ್ನು ನೋವು ಕಡಿಮೆ ಮಾಡುವುದು ಬಿಟ್ಟು ನಮ್ಮ ಕೈಯಲ್ಲಿ ಏನೂ ಇಲ್ಲ, ಬರುವವರಿದ್ದರೆ ಕರೆಸಿಕೊಳ್ಳಿ ಎಂದರು.

"ಟಿಟಿ ಹಾಕ್ಸು ಅಂತ ಯಾವನೇ ಹೇಳಿದ್ದು ನಿಂಗೆ?" ಎಂದು ಬಿಂದುವಿನ ಭುಜ ಹಿಡಿದು ಅಲ್ಲಾಡಿಸಿದೆ.

"ಅಣ್ಣನೇ ಹೇಳಿದ್ರಲ್ಲಕ್ಕ. ನಂಗೆ ಅದೂ ಬೇಡ, ನೀನು ಹೆದರ್ಕಂಡಿದ್ರೆ ಒಂದು ಟಿಟಿ ಹಾಕಿಸ್ಕೋ ಸಾಕು ಅಂದ್ರು."

ಅವಳ ದನಿಯಲ್ಲಿ ಎಳ್ಳಷ್ಟೂ ಸಿಟ್ಟಿರಲಿಲ್ಲ. ನಾನು ಗಂಡನ ಕಡೆ ತಿರುಗಿದೆ. ಅವರು ಗೋಡೆಗೆ ಅಂಟಿಸಿದ ಯಾವುದೋ ಪೋಸ್ಟರ್ ನೋಡುತ್ತಾ ನಿಂತಿದ್ದರು. ಥೂ, ನಿಮ್ಮ ಬಾಯಿಗಿಷ್ಟು ಎಂದು ಅಲ್ಲೇ ಕಪಾಳಕ್ಕೆ ಬಿಡಬೇಕು ಅನ್ನಿಸಿತು. ಮದುವೆಯಾದಾಗಿನಿಂದ ಹಾಗೆ ಅನ್ನಿಸಿದ್ದು ಅದೇ ಮೊದಲು.

ಅಷ್ಟರಲ್ಲಿ ಬಿಂದು ಏನೋ ಹೊಳೆದವಳ ಹಾಗೆ ಹೌಹಾರಿ ಎದ್ದಳು. ಓಡಿಬಂದು ಇವರ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು. ಆಚೆ ಈಚೆ ತಿರುಗಿಸಿ ಬೆರಳುಗಳನ್ನೆಲ್ಲ ನೋಡಿದಳು.

"ಅಯ್ಯೋ ಅಣ್ಣ, ನೀವೂ ಕೈ ಹಾಕಿದ್ರಲ್ಲ! ನೀವು ಟಿಟಿನೂ ಹಾಕಿಸ್ಕೊಂಡಿಲ್ಲ! ಇರುವೆ ಹರಿದಂಗೆ ಆಗ್ತಿದೆಯಾ? ಇಲ್ಲೇ ಹಾಕ್ತಾರಂತೆ, ಈಗ್ಲೇ ಹೋಗಿ ಹಾಕಿಸ್ಕೊಳ್ಳಿ. ನಿಮ್ಮ ಕಾಲಿಗೆ ಬೀಳ್ತೀನಿ. ಅಕ್ಕನ ಮುಖನಾದ್ರೂ ನೋಡಿ."

ಇವರ ತುಟಿ ಅಲ್ಲಾಡಿತು. "ಆಗ್ಲಮ್ಮ" ಎಂದರು. "ಹಾಕಿಸ್ಕೋತೀನಿ."

ಒಳಗೆ ಕೆಂಪರಾಜ ಒಂದು ಥರ ಕೂಗಿದ. ನನಗೆ ತಡೆಯಲಾಗಲಿಲ್ಲ.

"ಆಗಿದೆ ಬಿಂದು" ಎಂದೆ. "ವಿಜಯಪುರಕ್ಕೆ ಹೋಗಿ ಐದೂ ಹಾಕಿಸ್ಕೊಂಡು ಬಂದವ್ರೆ. ಮಂಡಿನೋವು ಅಂದಿದ್ದೆಲ್ಲ ಸುಳ್ಳು. ನಿಮ್ಮೋರಿಗೂ ಅದೇ ಆಗಿದೆ ಅಂತ ನಾನು ನಂಬಿದ್ದೆ ಕಣೇ."

ಬಿಂದು ಕಿರುಚಲಿಲ್ಲ, ಶಾಪ ಹಾಕಲಿಲ್ಲ. ಹಿಡಿದಿದ್ದ ಕೈಯನ್ನು ಬಿಟ್ಟಳು. ಇವರನ್ನೇ ನೋಡಿ, ನಿಜವಾಗಿಯೂ ಗೊತ್ತಿಲ್ಲದೆ ಕೇಳುವವಳ ಹಾಗೆ ಕೇಳಿದಳು.

"ಬೈಕಲ್ಲಿ ಹಿಂದ್ಗಡೆ ಜಾಗ ಇರ್ಲಿಲ್ವಾ ಅಣ್ಣ?"