ಬಿಸಿಯಾಗದ ದೀಪ

ಆರ್ಲೀನ್ ಜಿಲ್‌ಸ್ಟ್ರಾ ಅಂಗಡಿಯ ಹೊಸ್ತಿಲು ದಾಟುವಷ್ಟರಲ್ಲೇ ಅಂಗಡಿಯವ ಮಾರ್ವಿನ್ ಅವಳನ್ನು ಕಣ್ಣಲ್ಲೇ ತೂಗಿ ಮುಗಿಸುತ್ತಿದ್ದ: ವಯಸ್ಸು ಎಪ್ಪತ್ತಾರು, ಕೋಟು ತೀರಿಹೋದ ಗಂಡನದು, ಚೌಕಾಶಿ ಇಲ್ಲ, ಆದರೆ ಕೊಂಡದ್ದನ್ನು ಹಿಂದಿರುಗಿಸುವುದರಲ್ಲಿ ಲಿಂಡನ್ ಊರಿಗೇ ಮೊದಲು.

ಆ ಶನಿವಾರ ಅವಳಿಗೆ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ದೇಶದ ಉತ್ತರ ಗಡಿಯಾಚೆಯ ಕಣಿವೆಯಿಂದ ಕೊರೆಯುವ ಗಾಳಿ ಇಳಿದಿತ್ತು. ಹಿತ್ತಲಲ್ಲಿ ತೂಗುಹಾಕಿದ್ದ ಸಕ್ಕರೆನೀರಿನ ಸೀಸೆ ಹೆಪ್ಪುಗಟ್ಟುತ್ತಿತ್ತು. ಅದನ್ನೇ ನಂಬಿ ಚಳಿಗಾಲಕ್ಕೆ ಉಳಿದುಕೊಂಡಿದ್ದ ಝೇಂಕಾರದ ಹಕ್ಕಿ, ಹೆಬ್ಬೆರಳಷ್ಟು ಪುಟ್ಟ ಹಮ್ಮಿಂಗ್‌ಬರ್ಡ್, ಒಂದು ಬೆಳಗ್ಗೆ ಉಪವಾಸವಿದ್ದರೂ ಸತ್ತೇಹೋಗುತ್ತದೆ. ಮಾರ್ವಿನ್ ಒಂದು ಎಲ್‌ಇಡಿ ದೀಪದ ಸರ ಕೊಟ್ಟ. "ಸೀಸೆಗೆ ಸುತ್ತಿಬಿಡಿ, ಬೆಚ್ಚಗಿರುತ್ತೆ" ಎಂದ. ಹೊತ್ತಿಸಿ ಮುಟ್ಟಿ ನೋಡಿರಲಿಲ್ಲ.

ಭಾನುವಾರ ಚರ್ಚಿನಲ್ಲಿ ಅವಳು ಅವನ ಮುಂದಿನ ಸಾಲಿನಲ್ಲೇ ಕೂತಿದ್ದಳು. ಪಾದ್ರಿಗಳ ಪ್ರಸಂಗ ಶುರುವಾಗಿ, ವಾಡಿಕೆಯಂತೆ ಪುದೀನಾ ಪೆಪ್ಪರಮೆಂಟು ಕೈಯಿಂದ ಕೈಗೆ ಸಾಗಿತು. ಅವಳು ತನ್ನದನ್ನು ಬಾಯಿಗೆ ಹಾಕಿಕೊಳ್ಳದೆ ಮುಷ್ಟಿಯಲ್ಲೇ ಹಿಡಿದಳು. ಕಿಟಕಿ ನೋಡಿದಳು, ಗಡಿಯಾರ ನೋಡಿದಳು, ಮತ್ತೆ ಕಿಟಕಿ. ಎರಡನೇ ಪೆಪ್ಪರಮೆಂಟು ಬರುವ ಹೊತ್ತಿಗೆ ಎದ್ದೇಬಿಟ್ಟಳು. ಆ ಚರ್ಚಿನಲ್ಲಿ ಪ್ರಸಂಗದ ನಡುವೆ ಏಳುವುದು ಮೂರ್ಛೆ ಹೋದವರು ಮಾತ್ರ, ಅದೂ ಇನ್ನೊಬ್ಬರ ಹೆಗಲ ಮೇಲೆ. ಅವಳ ಕೋಟಿನೊಳಗೆ ಮೈಶಾಖಕ್ಕೆ ಇಟ್ಟ ಇನ್ನೊಂದು ಸಕ್ಕರೆನೀರಿನ ಸೀಸೆ ಉಬ್ಬಿಕೊಂಡಿತ್ತು. ದಾಟುವಾಗ ಅವನ ಕಿವಿಗೆ ಬಾಗಿದಳು.

"ನಿನ್ನ ದೀಪಕ್ಕಿಂತ ಪಾದ್ರಿಗಳ ಮಾತೇ ಬಿಸಿ ಇದೆ ಕಣೋ, ಮಾರ್ವಿನ್."

ಅವನೂ ಎದ್ದ. ಊರೆಲ್ಲ ನೋಡಿತು.

ರಸ್ತೆಯಾಚೆ ಅವಳ ಹಿತ್ತಲಲ್ಲಿ ಸರ ಜಗಜಗಿಸುತ್ತಿತ್ತು. ಅದರೊಳಗಿನ ಸೀಸೆಯಲ್ಲಿ ಮಂಜುಗಡ್ಡೆ. ಪ್ಲಮ್ ಮರದ ಬೋಳು ಕಡ್ಡಿಯ ಮೇಲೆ ಹಕ್ಕಿ ಗರಿ ಉಬ್ಬಿಸಿ ಉಂಡೆಯಾಗಿ ಕೂತಿತ್ತು. ಅವಳು ಸೀಸೆ ಬದಲಾಯಿಸಿದಳು.

"ಇದು ನಲವತ್ತು ನಿಮಿಷ ತಡೆಯುತ್ತೆ. ಆಮೇಲೆ?"

ಬೇಕಾದದ್ದು ಮುಟ್ಟಿದರೆ ಸುಡುವ ಹಳೇ ಬಲ್ಬು. ಭಾನುವಾರ ಊರಲ್ಲಿ ಯಾರೂ ಅಂಗಡಿ ತೆಗೆಯುವುದಿಲ್ಲ. ತೆಗೆದರೂ ಅವನ ಅಂಗಡಿಯಲ್ಲಿ ಆ ಮಾಲು ಇರಲಿಲ್ಲ. ಒಂದೇ ಒಂದು ಅವನ ಮನೆಯ ಪಂಪ್‌ಶೆಡ್ಡಿನಲ್ಲಿ, ಪೈಪು ಹೆಪ್ಪುಗಟ್ಟದಿರಲೆಂದು ಉರಿಯುತ್ತಿತ್ತು. ಅದನ್ನೇ ಬಿಚ್ಚಿ ತಂದು ಸೀಸೆಯ ಕೆಳಗೆ ಕಟ್ಟಿದ.

"ಎಷ್ಟಾಯ್ತು?"

"ಭಾನುವಾರ ನಾನು ಏನೂ ಮಾರಲ್ಲ, ಆರ್ಲೀನಮ್ಮ."

"ಹಾಗಾದ್ರೆ ಚಳಿ ಮುಗಿದ ಮೇಲೆ ವಾಪಸ್ ಕೊಡ್ತೀನಿ. ನನ್ನ ಬುದ್ಧಿ ನಿನಗೆ ಗೊತ್ತಲ್ಲ."

ಸೋಮವಾರ ಅವನ ಮನೆಯ ನಲ್ಲಿಯಲ್ಲಿ ಹನಿ ನೀರಿಲ್ಲ. ಹೆಂಡತಿ ಹಿಮ ಕರಗಿಸಿ ಕಾಫಿ ಮಾಡಿದಳು. ಅಂಗಡಿಗೆ ಹೋಗುವ ದಾರಿಯಲ್ಲಿ ಮಾರ್ವಿನ್ ಬೇಲಿಯಾಚೆ ಇಣುಕಿದ. ಬಲ್ಬಿನ ಮೇಲಿನ ಸೀಸೆಯ ಬಳಿ ಹಕ್ಕಿ ರೆಕ್ಕೆ ಬಡಿಯುತ್ತ, ಕೊಕ್ಕು ಊರಿ ಕುಡಿಯುತ್ತಿತ್ತು.

ಹತ್ತು ಗಂಟೆಗೆ ಆರ್ಲೀನ್ ಬಂದು ದೀಪದ ಸರವನ್ನು ಅಚ್ಚುಕಟ್ಟಾಗಿ ಸುತ್ತಿ ಮೇಜಿನ ಮೇಲಿಟ್ಟಳು. ಅವನು ತೆಗೆದುಕೊಂಡ. ಮುಟ್ಟಿ ನೋಡದೆ ಬೆಚ್ಚಗಿರುತ್ತದೆ ಎಂದದ್ದಕ್ಕೆ ಅವನು ಅವಳ ಕ್ಷಮೆ ಕೇಳುವುದು ಇನ್ನೂ ಬಾಕಿ ಇದೆ.